ತೆರವಾದ ಸ್ಥಾನ ಮತ್ತು ಸ್ವಾತಂತ್ರ್ಯನಿಷ್ಠ ಉಮೇದುವಾರ

ಪ್ರಜಾಪ್ರಭುತ್ವದಲ್ಲಿ ಮತದಾನದ ದಿನಕ್ಕಿಂತ ಬಹಳ ಮೊದಲೇ ಇನ್ನೊಂದು ಆಯ್ಕೆ ನಡೆದುಹೋಗಿರುತ್ತದೆ. ಮತಪತ್ರದ ಮೇಲೆ ಯಾರ ಯಾರ ಹೆಸರುಗಳು ಬರಬೇಕೆಂಬುದೇ ಆ ಮೊದಲ ಆಯ್ಕೆ. ಮತದಾರನು ತನ್ನ ಮುಂದೆ ಇಟ್ಟ ಹೆಸರುಗಳಲ್ಲಿ ಒಂದನ್ನು ಆರಿಸಿಕೊಳ್ಳುತ್ತಾನೆ. ಆ ಹೆಸರುಗಳನ್ನು ಯಾರು ಹುಡುಕಿದರು, ಯಾವ ಒರೆಗಲ್ಲಿಗೆ ತಿಕ್ಕಿ ನೋಡಿದರು ಎಂಬುದನ್ನು ಅವನು ಕೇಳುವುದು ಅಪರೂಪ. ನಮ್ಮ ದೇಶದಲ್ಲಿ ಈ ಕೆಲಸ ಬಹುಮಟ್ಟಿಗೆ ಪಕ್ಷದ ವರಿಷ್ಠರ ಕೈಯಲ್ಲಿರುವುದರಿಂದ ಸಾಮಾನ್ಯ ನಾಗರಿಕನಿಗೆ ಅದರ ಒಳನೋಟ ದೊರೆಯುವುದಿಲ್ಲ. ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಇದು ಅಷ್ಟಿಷ್ಟು ಬಯಲಿನಲ್ಲಿಯೇ ನಡೆಯುತ್ತದೆ. ಸರ್ಕಾರದ ಅಧಿಕಾರ ಮಿತವಾಗಿರಬೇಕು, ವ್ಯಕ್ತಿಯ ಸ್ವಾತಂತ್ರ್ಯ ವಿಶಾಲವಾಗಿರಬೇಕು ಎಂದು ನಂಬಿದ ಅಲ್ಲಿಯ ಒಂದು ಸಣ್ಣ ಪಂಗಡವು ಕೆಲವು ದಶಕಗಳಿಂದ ತನ್ನ ಉಮೇದುವಾರರನ್ನು ಹುಡುಕಿ ಪರೀಕ್ಷಿಸಿದ ಬಗೆಯು ವಿಚಾರವಂತರು ಗಮನಿಸತಕ್ಕದ್ದಾಗಿದೆ. ಆ ಪಂಗಡದ ಅಭಿಪ್ರಾಯಗಳನ್ನು ಒಪ್ಪದವರಿಗೂ ಅದರಿಂದ ತಿಳಿಯಬೇಕಾದ ಪಾಠವಿದೆ.

ತೆರವಾದ ಸ್ಥಾನದ ಮಹತ್ವ

ಅಮೆರಿಕದ ಕಾಂಗ್ರೆಸ್ಸಿಗೆ ಎರಡು ಸದನಗಳು. ಅವುಗಳಲ್ಲಿ ಪ್ರತಿನಿಧಿ ಸಭೆಯು 435 ಸದಸ್ಯರನ್ನು ಹೊಂದಿದೆ. 2020ರ ಜನಗಣತಿಯ ಪ್ರಕಾರ ಒಂದೊಂದು ಕ್ಷೇತ್ರದಲ್ಲಿ ಸರಾಸರಿ ಏಳೂವರೆ ಲಕ್ಷಕ್ಕೂ ಹೆಚ್ಚು ಜನರಿದ್ದಾರೆ. ಸದಸ್ಯತ್ವದ ಅವಧಿ ಕೇವಲ ಎರಡು ವರ್ಷ. ಸಂವಿಧಾನವು ಕೇಳುವ ಅರ್ಹತೆಗಳು ಮೂರೇ ಮೂರು: ಇಪ್ಪತ್ತೈದು ವರ್ಷ ತುಂಬಿರಬೇಕು, ಏಳು ವರ್ಷಗಳಿಂದ ಆ ದೇಶದ ನಾಗರಿಕನಾಗಿರಬೇಕು, ಆರಿಸಿ ಬರುವ ಕಾಲಕ್ಕೆ ಆ ರಾಜ್ಯದ ನಿವಾಸಿಯಾಗಿರಬೇಕು. ಇದಕ್ಕಿಂತ ಹೆಚ್ಚಿನ ಯಾವ ಪರೀಕ್ಷೆಯನ್ನೂ ಕಾನೂನು ವಿಧಿಸುವುದಿಲ್ಲ. ಉಳಿದ ಪರೀಕ್ಷೆಯೆಲ್ಲವೂ ನಾಗರಿಕರ ಹೊಣೆ.

ಅಧಿಕಾರದಲ್ಲಿರುವ ಸದಸ್ಯನನ್ನು ಸೋಲಿಸುವುದು ಅಲ್ಲಿ ಬಹು ಕಷ್ಟದ ಮಾತು. ಪುನಃ ಸ್ಪರ್ಧಿಸಿದ ಸದಸ್ಯರಲ್ಲಿ ಬಹುತೇಕ ಚುನಾವಣೆಗಳಲ್ಲಿ ಶೇಕಡಾ 90ಕ್ಕೂ ಹೆಚ್ಚು ಮಂದಿ ಗೆದ್ದು ಬರುತ್ತಾರೆ. ಜನರ ಅಸಮಾಧಾನ ಉಕ್ಕಿ ಹರಿದ 2010ರಲ್ಲಿಯೂ ಈ ಪ್ರಮಾಣ ಸುಮಾರು ಶೇಕಡಾ 85ರಷ್ಟಿತ್ತು. ಪರಿಚಿತ ಹೆಸರು, ಸಂಗ್ರಹವಾದ ಹಣ, ಕಚೇರಿಯ ಮೂಲಕ ಮಾಡಿಕೊಟ್ಟ ಉಪಕಾರಗಳು, ಇವೆಲ್ಲ ಸೇರಿ ಅವನ ಸುತ್ತ ಕೋಟೆ ಕಟ್ಟಿರುತ್ತವೆ. ಆದಕಾರಣ ಹೊಸ ವಿಚಾರದ ಹೊಸ ವ್ಯಕ್ತಿಗೆ ಬಾಗಿಲು ತೆರೆಯುವುದು ಆ ಸದಸ್ಯನು ನಿವೃತ್ತನಾದಾಗ, ರಾಜೀನಾಮೆ ಕೊಟ್ಟಾಗ ಅಥವಾ ತೀರಿಕೊಂಡಾಗ. ಇದನ್ನೇ ತೆರವಾದ ಸ್ಥಾನವೆನ್ನುತ್ತಾರೆ. ಅವಧಿಯ ನಡುವೆ ಸ್ಥಾನ ತೆರವಾದರೆ ರಾಜ್ಯಪಾಲನು ಯಾರನ್ನೂ ನಾಮಕರಣ ಮಾಡುವಂತಿಲ್ಲ. ಮರುಚುನಾವಣೆಯೊಂದೇ ಮಾರ್ಗವೆಂದು ಸಂವಿಧಾನದ ಮೊದಲನೆಯ ವಿಧಿ ಹೇಳುತ್ತದೆ.

ಇಲ್ಲಿ ಮತ್ತೊಂದು ಸಂಗತಿಯನ್ನು ತಿಳಿಯಬೇಕು. ಪಕ್ಷದ ಉಮೇದುವಾರನನ್ನು ಅಲ್ಲಿ ಪಕ್ಷದ ಮುಖಂಡರು ಗೊತ್ತುಮಾಡುವುದಿಲ್ಲ. ಪ್ರಾಥಮಿಕ ಚುನಾವಣೆಯೆಂಬ ಮೊದಲ ಸುತ್ತಿನಲ್ಲಿ ಮತದಾರರೇ ಅವನನ್ನು ಆರಿಸುತ್ತಾರೆ. ರಾಜ್ಯವ್ಯಾಪಿಯಾಗಿ ಈ ಪದ್ಧತಿಯನ್ನು ಕಾನೂನಾಗಿಸಿದ ಮೊದಲಿಗರಲ್ಲಿ ವಿಸ್ಕಾನ್ಸಿನ್ ರಾಜ್ಯವು ಪ್ರಮುಖವಾದುದು. ರಾಬರ್ಟ್ ಲಾ ಫಾಲೆಟ್ ಅವರ ನಾಯಕತ್ವದಲ್ಲಿ 1903ರಲ್ಲಿ ಅಲ್ಲಿಯ ಶಾಸನಸಭೆಯು ಅದನ್ನು ಅಂಗೀಕರಿಸಿತು. ಒಂದು ಪಕ್ಷದ ಬಲ ಗಟ್ಟಿಯಾಗಿರುವ ಕ್ಷೇತ್ರದಲ್ಲಿ ಪ್ರಾಥಮಿಕ ಚುನಾವಣೆಯನ್ನು ಗೆದ್ದವನು ಕಾಂಗ್ರೆಸ್ಸಿಗೆ ಹೋದಂತೆಯೇ ಸರಿ. ಮೇಲಾಗಿ ಹಲವಾರು ರಾಜ್ಯಗಳಲ್ಲಿ ಗೆಲ್ಲಲು ಅರ್ಧಕ್ಕಿಂತ ಹೆಚ್ಚು ಮತಗಳು ಬೇಕಿಲ್ಲ, ಉಳಿದವರಿಗಿಂತ ಹೆಚ್ಚು ಬಂದರೆ ಸಾಕು. ನಮ್ಮ ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ ಅವರು 2022ರಲ್ಲಿ ಮಿಷಿಗನ್ ರಾಜ್ಯದ 13ನೆಯ ಕ್ಷೇತ್ರದಿಂದ ಆರಿಸಿ ಬಂದುದು ಇಂಥದೇ ತೆರವಾದ ಸ್ಥಾನಕ್ಕೆ. ಹಲವರು ನಿಂತಿದ್ದ ಡೆಮಾಕ್ರಟಿಕ್ ಪಕ್ಷದ ಪ್ರಾಥಮಿಕ ಚುನಾವಣೆಯಲ್ಲಿ ಅವರಿಗೆ ಬಂದ ಮತಗಳು ಶೇಕಡಾ 30ಕ್ಕಿಂತ ಕಡಿಮೆ. ಅವರು ಇಲ್ಲಿ ಹೇಳುತ್ತಿರುವ ಪಂಗಡಕ್ಕೆ ಸೇರಿದವರಲ್ಲ. ಆದರೆ ತೆರವಾದ ಸ್ಥಾನದಲ್ಲಿ ಒಗ್ಗಟ್ಟಾಗಿ ನಿಂತ ಅಲ್ಪಸಂಖ್ಯೆಯ ಮತದಾರರಿಗೂ ಎಷ್ಟು ಬಲವಿರುತ್ತದೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಸ್ವಾತಂತ್ರ್ಯನಿಷ್ಠೆ ಎಂದರೆ

ಸ್ವಾತಂತ್ರ್ಯವನ್ನು ಹೊಗಳದ ರಾಜಕಾರಣಿ ಯಾವ ದೇಶದಲ್ಲಿಯೂ ಇಲ್ಲ. ಹೀಗಿರಲು ಒಬ್ಬನನ್ನು ಮಾತ್ರ ಸ್ವಾತಂತ್ರ್ಯನಿಷ್ಠನೆಂದು ಕರೆಯುವುದಕ್ಕೆ ಅರ್ಥವೇನು? ಈ ಪಂಗಡದವರ ಉತ್ತರ ಸ್ಪಷ್ಟವಾಗಿದೆ. ಸಂವಿಧಾನವು ಕಾಂಗ್ರೆಸ್ಸಿಗೆ ಕೊಟ್ಟಿರುವ ಅಧಿಕಾರಗಳು ಎಣಿಸಿ ಕೊಟ್ಟವು, ಪಟ್ಟಿಯಲ್ಲಿ ಇಲ್ಲದ್ದನ್ನು ಕಾಂಗ್ರೆಸ್ಸು ಮಾಡಕೂಡದು ಎಂಬುದು ಮೊದಲನೆಯದು. ಯುದ್ಧವನ್ನು ಸಾರುವ ಹಕ್ಕು ಅಧ್ಯಕ್ಷನದಲ್ಲ, ಕಾಂಗ್ರೆಸ್ಸಿನದು ಎಂಬುದು ಎರಡನೆಯದು. ನ್ಯಾಯಾಲಯದ ವಾರಂಟಿಲ್ಲದೆ ಪ್ರಜೆಯ ಮನೆಯನ್ನೂ ಕಾಗದಪತ್ರಗಳನ್ನೂ ಶೋಧಿಸಬಾರದೆಂಬ ನಾಲ್ಕನೆಯ ತಿದ್ದುಪಡಿ ಮೂರನೆಯದು. ಸಾಲ ಮಾಡಿ ವೆಚ್ಚ ಮಾಡುವುದು ಮುಂದಿನ ತಲೆಮಾರಿನ ಮೇಲೆ ಹೊರಿಸುವ ಭಾರ ಎಂಬುದು ನಾಲ್ಕನೆಯದು. ಇಂಥ ಸದಸ್ಯರು ಕಷ್ಟಕಾಲದ ನೆರವಿಗೂ ಅಡ್ಡಿಯಾಗುತ್ತಾರೆ, ಸಭೆಯಲ್ಲಿ ಕೆಲಸ ಸಾಗಗೊಡುವುದಿಲ್ಲ ಎಂದು ಟೀಕಾಕಾರರು ಹೇಳುತ್ತಾರೆ. ಆ ಮಾತಿನಲ್ಲಿಯೂ ತೂಕವಿಲ್ಲದೆ ಇಲ್ಲ.

ಈ ಪರಂಪರೆಗೆ ಅಡಿಪಾಯ ಹಾಕಿದವರೆಂದರೆ ಟೆಕ್ಸಾಸಿನ ಪ್ರಸೂತಿ ವೈದ್ಯ ರಾನ್ ಪಾಲ್ ಅವರು. ಅವರು 1974ರಲ್ಲಿ ಸ್ಪರ್ಧಿಸಿ ಸೋತರು. ಸ್ಥಾನ ತೆರವಾದಾಗ 1976ರ ಏಪ್ರಿಲಿನ ಮರುಚುನಾವಣೆಯಲ್ಲಿ ಗೆದ್ದರು. ಅದೇ ವರ್ಷದ ನವೆಂಬರಿನಲ್ಲಿ 300ಕ್ಕಿಂತ ಕಡಿಮೆ ಮತಗಳ ಅಂತರದಿಂದ ಮತ್ತೆ ಸೋತರು. 1978ರಲ್ಲಿ ಪುನಃ ಗೆದ್ದು ಬಂದರು. ನಡುವೆ ಬಿಟ್ಟುಹೋಗಿ 1996ರಲ್ಲಿ ಮರಳಿ ಆರಿಸಿ ಬಂದು 2013ರ ಆರಂಭದವರೆಗೆ ಸದಸ್ಯರಾಗಿದ್ದರು. 2001ರ ಅಕ್ಟೋಬರಿನಲ್ಲಿ, ಭಯೋತ್ಪಾದಕರ ದಾಳಿ ನಡೆದ ಆರೇ ವಾರಗಳಲ್ಲಿ, ಸರ್ಕಾರಕ್ಕೆ ವಿಶೇಷ ಗೂಢಚರ್ಯೆಯ ಅಧಿಕಾರ ಕೊಡುವ ಪೇಟ್ರಿಯಟ್ ಮಸೂದೆಯು 357ಕ್ಕೆ 66 ಮತಗಳಿಂದ ಅಂಗೀಕೃತವಾಯಿತು. ಅಂದು ಅದನ್ನು ವಿರೋಧಿಸಿದ ರಿಪಬ್ಲಿಕನ್ನರು ಮೂವರೇ, ಅವರಲ್ಲಿ ರಾನ್ ಪಾಲ್ ಒಬ್ಬರು. ದೇಶವೆಲ್ಲ ಒಂದು ದಿಕ್ಕಿಗೆ ಹರಿಯುತ್ತಿರುವಾಗ ಎದುರಾಗಿ ನಿಲ್ಲಬಲ್ಲನೇ ಎಂಬ ಪ್ರಶ್ನೆಯು ಅಂದಿನಿಂದ ಇಂಥ ಉಮೇದುವಾರರನ್ನು ಹುಡುಕುವವರ ಮುಖ್ಯ ಪ್ರಶ್ನೆಯಾಯಿತು.

ಹುಡುಕುವ ಬಗೆ

ಹುಡುಕಾಟವು ಸ್ಥಾನ ತೆರವಾದ ಮೇಲೆ ಆರಂಭವಾದರೆ ಸಾಲದು. ನಿವೃತ್ತಿಯ ಸುದ್ದಿ ಹೊರಬಿದ್ದ ವಾರದಲ್ಲಿಯೇ ಹತ್ತಾರು ಮಂದಿ ಮುಂದೆ ಬರುತ್ತಾರೆ. ಅವರಲ್ಲಿ ಪ್ರತಿಯೊಬ್ಬನೂ ಆಗ ಸ್ವಾತಂತ್ರ್ಯದ ಭಾಷೆಯನ್ನೇ ಆಡುತ್ತಾನೆ. ಆದ್ದರಿಂದ ಅನುಭವಸ್ಥರು ಊರಿನ, ಜಿಲ್ಲೆಯ, ರಾಜ್ಯದ ಸಣ್ಣ ಸಣ್ಣ ಹುದ್ದೆಗಳಲ್ಲಿರುವವರನ್ನು ವರ್ಷಗಟ್ಟಲೆ ಗಮನಿಸುತ್ತಿರುತ್ತಾರೆ.

ಮಿಷಿಗನ್ ರಾಜ್ಯದ ಗ್ರ್ಯಾಂಡ್ ರ‍್ಯಾಪಿಡ್ಸ್ ನಗರದ ಜಸ್ಟಿನ್ ಅಮಾಶ್ ಅವರ ಉದಾಹರಣೆಯನ್ನು ನೋಡಬಹುದು. ಪ್ಯಾಲೆಸ್ಟೀನ್ ಮೂಲದ ತಂದೆಗೂ ಸಿರಿಯಾ ಮೂಲದ ತಾಯಿಗೂ 1980ರಲ್ಲಿ ಜನಿಸಿದ ಅವರು ವೃತ್ತಿಯಿಂದ ನ್ಯಾಯವಾದಿ. 2008ರಲ್ಲಿ ರಾಜ್ಯದ ಶಾಸನಸಭೆಗೆ ಆರಿಸಿ ಬಂದರು. ತಾವು ಹಾಕಿದ ಪ್ರತಿಯೊಂದು ಮತವನ್ನೂ, ಹಾಗೆ ಹಾಕಿದ್ದಕ್ಕೆ ಕಾರಣವನ್ನೂ ಫೇಸ್‌ಬುಕ್ಕಿನಲ್ಲಿ ಬರೆದು ಸಾರ್ವಜನಿಕರ ಮುಂದಿಡುವ ಪದ್ಧತಿಯನ್ನು ಅಲ್ಲಿಯೇ ಆರಂಭಿಸಿದರು. 2010ರ ಫೆಬ್ರವರಿಯಲ್ಲಿ ಆ ಭಾಗದ ಕಾಂಗ್ರೆಸ್ ಸದಸ್ಯ ವರ್ನ್ ಎಹ್ಲರ್ಸ್ ಅವರು ನಿವೃತ್ತಿ ಸಾರಿದಾಗ ಅಮಾಶ್ ಅವರ ಬಗ್ಗೆ ಯಾರೂ ಊಹಿಸಬೇಕಾಗಿರಲಿಲ್ಲ. ಅವರ ಲೆಕ್ಕಪುಸ್ತಕವು ಎಲ್ಲರ ಮುಂದೆ ತೆರೆದಿತ್ತು. ಆಗಸ್ಟಿನ ಪ್ರಾಥಮಿಕ ಚುನಾವಣೆಯಲ್ಲಿ ಐವರ ನಡುವೆ ಸುಮಾರು ಶೇಕಡಾ 40 ಮತ ಪಡೆದು ಅವರು ಗೆದ್ದರು.

ಕೆಂಟಕಿ ರಾಜ್ಯದ ಥಾಮಸ್ ಮ್ಯಾಸಿ ಅವರ ಕಥೆ ಬೇರೆ ತರಹದ್ದು. ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಇಂಜಿನಿಯರಿಂಗ್ ಕಲಿತು, ಸ್ಪರ್ಶದ ಅನುಭವ ಕೊಡುವ ಗಣಕ ಸಾಧನಗಳ ಉದ್ಯಮವನ್ನು ಪತ್ನಿಯೊಡನೆ ಕಟ್ಟಿ, ಅನಂತರ ತಾವು ಬೆಳೆದ ಊರ ಕಡೆಗೆ ಮರಳಿ ಬೇಸಾಯಕ್ಕೆ ನಿಂತವರು ಅವರು. 2010ರಲ್ಲಿ ಸುಮಾರು 14 ಸಾವಿರ ಜನಸಂಖ್ಯೆಯ ಲೂಯಿಸ್ ಕೌಂಟಿಯ ಆಡಳಿತ ಮುಖ್ಯಸ್ಥರಾಗಿ ಆಯ್ಕೆಯಾದರು. ಆ ಹುದ್ದೆಯ ಹೆಸರಿನಲ್ಲಿ ನ್ಯಾಯಾಧೀಶನೆಂಬ ಪದವಿದ್ದರೂ ಕೆಲಸ ಮಾತ್ರ ರಸ್ತೆ, ಸೆರೆಮನೆ, ತೆರಿಗೆ, ಲೆಕ್ಕಪತ್ರಗಳದು. ಕ್ಷೇತ್ರದ ಸದಸ್ಯ ಜೆಫ್ ಡೇವಿಸ್ ಅವರು ಮತ್ತೆ ಸ್ಪರ್ಧಿಸುವುದಿಲ್ಲವೆಂದು 2011ರ ಡಿಸೆಂಬರಿನಲ್ಲಿ ಹೇಳಿದಾಗ ಮ್ಯಾಸಿ ಅವರ ಬಳಿ ಶಾಸನಸಭೆಯ ಮತಗಳ ದಾಖಲೆ ಇರಲಿಲ್ಲ. ಪರೀಕ್ಷಿಸುವವರು ಆ ಚಿಕ್ಕ ಕೌಂಟಿಯಲ್ಲಿ ಅವರು ಸಾರ್ವಜನಿಕ ಹಣವನ್ನು ಹೇಗೆ ಬಳಸಿದರೆಂಬುದನ್ನೇ ನೋಡಬೇಕಾಯಿತು. ಊರಿನ ಹಣದಲ್ಲಿ ಕಾಸಿಗೆ ಕಾಸು ಲೆಕ್ಕ ಇಟ್ಟವನು ದೇಶದ ಹಣದಲ್ಲಿಯೂ ಇಟ್ಟಾನು ಎಂಬ ತರ್ಕ ಅದು. 2012ರ ಮೇ 22ರಂದು ಏಳು ಮಂದಿಯ ಸ್ಪರ್ಧೆಯಲ್ಲಿ ಸುಮಾರು ಶೇಕಡಾ 45 ಮತಗಳಿಂದ ಅವರು ಗೆದ್ದರು.

ಇದಕ್ಕೆ ವ್ಯತಿರಿಕ್ತವಾದ ಘಟನೆಯೂ ಅದೇ ವರ್ಷ ಮಿಷಿಗನ್ನಿನಲ್ಲಿ ನಡೆಯಿತು. ಅಲ್ಲಿಯ 11ನೆಯ ಕ್ಷೇತ್ರದ ಸದಸ್ಯ ಥಾಡಿಯಸ್ ಮೆಕಾಟರ್ ಅವರು ನಾಮಪತ್ರಕ್ಕೆ ಬೇಕಾದ 1,000 ಮತದಾರರ ಸರಿಯಾದ ಸಹಿಗಳನ್ನು ಒದಗಿಸಲಾರದೆ ಮತಪತ್ರದಿಂದ ಹೊರಗುಳಿದರು. ಆಗ ಮತಪತ್ರದಲ್ಲಿ ರಿಪಬ್ಲಿಕನ್ ಪಕ್ಷದಿಂದ ಉಳಿದ ಹೆಸರು ಒಂದೇ. ಅದು ಕೆರಿ ಬೆಂಟಿವೋಲಿಯೋ ಎಂಬ ಮಾಜಿ ಶಿಕ್ಷಕರದು. ಸ್ವಾತಂತ್ರ್ಯನಿಷ್ಠರು ಅವರಿಗೆ ಬೆಂಬಲ ಕೊಟ್ಟರು, ಅವರು ಗೆದ್ದರು. ಆದರೆ ಅವರನ್ನು ಕ್ಷೇತ್ರವು ಅರಿಯುವುದಕ್ಕೆ, ಅವರು ಕ್ಷೇತ್ರದಲ್ಲಿ ಬೇರು ಬಿಡುವುದಕ್ಕೆ ಕಾಲಾವಕಾಶವೇ ಇರಲಿಲ್ಲ. 2014ರ ಪ್ರಾಥಮಿಕ ಚುನಾವಣೆಯಲ್ಲಿ ತಮ್ಮ ಪಕ್ಷದವನೇ ಆದ ಎದುರಾಳಿಗೆ ಅವರು ಭಾರಿ ಅಂತರದಿಂದ ಸೋತರು. ಸ್ಥಾನ ಅಕಸ್ಮಾತ್ತಾಗಿ ದೊರೆಯಬಹುದು, ವಿಶ್ವಾಸ ಹಾಗೆ ದೊರೆಯುವುದಿಲ್ಲ.

ಒರೆಗಲ್ಲಿನ ಪ್ರಶ್ನೆಗಳು

ಪರೀಕ್ಷೆಯ ಮೊದಲ ಮೆಟ್ಟಿಲು ಲಿಖಿತ ಪ್ರಶ್ನಾವಳಿ. ಅಲ್ಲಿಯ ಸಂಘಟನೆಗಳು ಉಮೇದುವಾರರಿಗೆ ಪ್ರಶ್ನೆಗಳನ್ನು ಕಳಿಸಿ ಉತ್ತರಗಳನ್ನು ಪ್ರಕಟಿಸುತ್ತವೆ. ಒಳ್ಳೆಯ ಪ್ರಶ್ನೆಗೆ ಒಂದು ಲಕ್ಷಣವಿದೆ. ಸ್ವಾತಂತ್ರ್ಯವನ್ನು ನೀವು ಗೌರವಿಸುತ್ತೀರಾ ಎಂದು ಕೇಳಿದರೆ ಎಲ್ಲರ ಉತ್ತರವೂ ಒಂದೇ. ನಿಮ್ಮ ಪಕ್ಷದ ಅಧ್ಯಕ್ಷನೇ ಕಾಂಗ್ರೆಸ್ಸಿನ ಒಪ್ಪಿಗೆಯಿಲ್ಲದೆ ಯುದ್ಧಕ್ಕಿಳಿದರೆ ಏನು ಮಾಡುವಿರಿ, ನಿಮ್ಮ ಕ್ಷೇತ್ರದ ರೈತರಿಗೇ ಸಲ್ಲುವ ಸಹಾಯಧನದ ಮಸೂದೆ ಸಾಲವನ್ನು ಹೆಚ್ಚಿಸುವಂತಿದ್ದರೆ ಹೇಗೆ ಮತ ಹಾಕುವಿರಿ, ಸಭಾಧ್ಯಕ್ಷನ ಆಯ್ಕೆಯಲ್ಲಿ ಪಕ್ಷವು ಸೂಚಿಸಿದವನನ್ನು ಒಪ್ಪಲಾರದಾದರೆ ಹಾಗೆಂದು ಸಭೆಯಲ್ಲಿ ಹೇಳುವಿರಾ ಎಂದು ಕೇಳಿದಾಗ ಉತ್ತರಗಳು ಬೇರೆಯಾಗತೊಡಗುತ್ತವೆ. ಉತ್ತರಿಸುವವನಿಗೆ ಏನಾದರೂ ನಷ್ಟವಾಗುವಂತಿದ್ದರೆ ಮಾತ್ರ ಅದು ಪ್ರಶ್ನೆ.

ಎರಡನೆಯ ಮೆಟ್ಟಿಲು ದಾಖಲೆ. ಹಿಂದೆ ಯಾವ ಹುದ್ದೆಯಲ್ಲಿದ್ದನೋ ಅಲ್ಲಿ ಎಂದಾದರೂ ತನ್ನವರಿಗೇ ಎದುರಾಗಿ ಏಕಾಂಗಿಯಾಗಿ ನಿಂತಿದ್ದನೇ? ಎದುರುಪಕ್ಷವನ್ನು ವಿರೋಧಿಸುವುದಕ್ಕೆ ಧೈರ್ಯ ಬೇಕಿಲ್ಲ, ಅದು ಚಪ್ಪಾಳೆ ತರುವ ಕೆಲಸ. ಮೂರನೆಯ ಮೆಟ್ಟಿಲು ವೈಯಕ್ತಿಕ ಜೀವನ: ಸಾಲ, ವ್ಯವಹಾರ, ನ್ಯಾಯಾಲಯದ ದಾವೆಗಳು, ಹೇಳಿಕೊಂಡ ವಿದ್ಯಾರ್ಹತೆಯ ಸತ್ಯಾಸತ್ಯತೆ. ಇವುಗಳನ್ನು ಬೆಂಬಲಿಗರು ಮೊದಲೇ ತಿಳಿದುಕೊಳ್ಳದಿದ್ದರೆ ಎದುರಾಳಿಗಳು ಸಕಾಲದಲ್ಲಿ ತಿಳಿಸಿಕೊಡುತ್ತಾರೆ. ನುಡಿಗೂ ನಡೆಗೂ ಅಂತರವಿರಬಾರದೆಂದು ಶರಣರು ವಿಧಿಸಿದ ಒರೆಗಲ್ಲನ್ನು ಬಲ್ಲ ನಮ್ಮ ನಾಡಿನವರಿಗೆ ಈ ಕ್ರಮ ಅಪರಿಚಿತವೆನಿಸಲಾರದು.

ಹಣದ ಮಾತು

ಚುನಾವಣೆಗೆ ಹಣ ಬೇಕು, ಹಣ ಕೊಟ್ಟವನಿಗೆ ನಿರೀಕ್ಷೆಯಿರುತ್ತದೆ. ಅಮೆರಿಕದ ಕಾನೂನಿನ ಪ್ರಕಾರ 5,000 ಡಾಲರುಗಳಿಗಿಂತ ಹೆಚ್ಚು ಸಂಗ್ರಹಿಸಿದ ಅಥವಾ ವೆಚ್ಚ ಮಾಡಿದ ವ್ಯಕ್ತಿಯು ಉಮೇದುವಾರನೆಂದು ಪರಿಗಣಿತನಾಗಿ ಸಂಯುಕ್ತ ಚುನಾವಣಾ ಆಯೋಗಕ್ಕೆ ವಿವರ ಸಲ್ಲಿಸಬೇಕು. 200 ಡಾಲರುಗಳಿಗೆ ಮೇಲ್ಪಟ್ಟು ಕೊಟ್ಟವರ ಹೆಸರುಗಳು ಬಹಿರಂಗವಾಗುತ್ತವೆ. ಒಬ್ಬ ವ್ಯಕ್ತಿ ಒಬ್ಬ ಉಮೇದುವಾರನಿಗೆ ಒಂದು ಚುನಾವಣೆಗೆ ಕೊಡಬಹುದಾದ ಗರಿಷ್ಠ ಮೊತ್ತವು 2012ರಲ್ಲಿ 2,500 ಡಾಲರುಗಳಷ್ಟಿತ್ತು, 2024ರಲ್ಲಿ 3,300 ಆಗಿತ್ತು. ಆದರೆ 2010ರ ನ್ಯಾಯಾಲಯಗಳ ತೀರ್ಪುಗಳಿಂದಾಗಿ ಉಮೇದುವಾರನೊಡನೆ ಸಮಾಲೋಚಿಸದೆ ಪ್ರತ್ಯೇಕವಾಗಿ ಪ್ರಚಾರ ಮಾಡುವ ಸಂಘಟನೆಗಳಿಗೆ ಇಂಥ ಮಿತಿಯಿಲ್ಲ. 2012ರಲ್ಲಿ ಮ್ಯಾಸಿ ಅವರ ಪರವಾಗಿ ಹೊರರಾಜ್ಯದ ಹಣದಿಂದ ನಡೆದ ಇಂಥ ಒಂದು ಸಂಘಟನೆ ಐದು ಲಕ್ಷ ಡಾಲರುಗಳಿಗೂ ಹೆಚ್ಚು ವೆಚ್ಚ ಮಾಡಿತು. ಸ್ವತಂತ್ರನಾದ ಪ್ರತಿನಿಧಿಯನ್ನು ಬಯಸುವವರೇ ಅವನನ್ನು ಹಣದ ಹಂಗಿಗೆ ಒಳಪಡಿಸುವ ಅಪಾಯ ಇಲ್ಲಿದೆ. ಆದಕಾರಣ ಉಮೇದುವಾರನ ಪರೀಕ್ಷೆಯಲ್ಲಿ ಹಣ ಎಲ್ಲಿಂದ ಬಂತೆಂಬುದು ಕೊನೆಯ ಪ್ರಶ್ನೆಯಾಗದೆ ಮೊದಲ ಪ್ರಶ್ನೆಯಾಗಬೇಕು.

ಗೆದ್ದ ಮೇಲಿನ ಪರೀಕ್ಷೆ

ಭಾರತದಲ್ಲಿ 1985ರ 52ನೆಯ ತಿದ್ದುಪಡಿಯಿಂದ ಬಂದ ಪಕ್ಷಾಂತರ ನಿಷೇಧದ ಕಾನೂನಿನಂತೆ ಪಕ್ಷದ ಆಜ್ಞೆಗೆ ವಿರುದ್ಧವಾಗಿ ಸದನದಲ್ಲಿ ಮತ ಹಾಕಿದ ಸದಸ್ಯನು ಸ್ಥಾನ ಕಳೆದುಕೊಳ್ಳಬಹುದು. ಅಮೆರಿಕದಲ್ಲಿ ಇಂಥ ಕಾನೂನಿಲ್ಲ. ಆದುದರಿಂದ ಅಲ್ಲಿ ಪಕ್ಷಕ್ಕೆ ತಲೆಬಾಗಿದ ಸದಸ್ಯನು ಕಾನೂನಿನ ಕಡೆಗೆ ಬೆರಳು ತೋರಿಸುವಂತಿಲ್ಲ. ಅವನು ಬಾಗಿದ್ದು ತನ್ನ ಇಚ್ಛೆಯಿಂದಲೇ.

2013ರ ಜನವರಿಯಲ್ಲಿ ಮ್ಯಾಸಿ ಅವರು ತಮ್ಮ ಪಕ್ಷದ ಸಭಾಧ್ಯಕ್ಷ ಉಮೇದುವಾರನನ್ನು ಬಿಟ್ಟು ಅಮಾಶ್ ಅವರ ಹೆಸರಿಗೆ ಮತ ಹಾಕಿದರು. ಅದೇ ವರ್ಷದ ಜುಲೈ 24ರಂದು, ಪ್ರಜೆಗಳ ದೂರವಾಣಿ ಕರೆಗಳ ವಿವರಗಳನ್ನು ರಾಷ್ಟ್ರೀಯ ಭದ್ರತಾ ಸಂಸ್ಥೆಯು ಸಾರಾಸಗಟಾಗಿ ಸಂಗ್ರಹಿಸುವುದಕ್ಕೆ ಹಣ ನಿಲ್ಲಿಸಬೇಕೆಂಬ ಅಮಾಶ್ ಅವರ ತಿದ್ದುಪಡಿಯು 205ಕ್ಕೆ 217 ಮತಗಳಿಂದ ಬಿದ್ದುಹೋಯಿತು. ಅದರ ಪರವಾಗಿ 94 ರಿಪಬ್ಲಿಕನ್ನರೂ 111 ಡೆಮಾಕ್ರಟರೂ ಒಂದಾಗಿ ನಿಂತದ್ದು ಗಮನಾರ್ಹ. ತೆರವಾದ ಒಂದೇ ಸ್ಥಾನಕ್ಕೆ ಬಂದ ಒಬ್ಬ ಸದಸ್ಯನು ಎರಡೂ ಪಕ್ಷಗಳ ಗೋಡೆಯನ್ನು ಅರೆಕ್ಷಣ ಅಲುಗಿಸಬಲ್ಲನೆಂಬುದಕ್ಕೆ ಇದು ಸಾಕ್ಷಿ.

ಬೆಲೆಯನ್ನೂ ತೆರಬೇಕಾಯಿತು. 2020ರ ಮಾರ್ಚ್ 27ರಂದು ಸುಮಾರು ಎರಡು ಲಕ್ಷ ಕೋಟಿ ಡಾಲರುಗಳ ಕೊರೋನಾ ಪರಿಹಾರದ ಮಸೂದೆಗೆ ಪ್ರತಿಯೊಬ್ಬ ಸದಸ್ಯನ ಮತವೂ ದಾಖಲಾಗಬೇಕೆಂದು ಮ್ಯಾಸಿ ಕೇಳಿದರು. ಸೋಂಕಿನ ಭಯದ ನಡುವೆ ರಾಜಧಾನಿಗೆ ಬರಬೇಕಾಗಿ ಬಂದ ಎರಡೂ ಪಕ್ಷಗಳ ಸದಸ್ಯರು ಸಿಟ್ಟಾದರು. ಅವರನ್ನು ಪಕ್ಷದಿಂದಲೇ ಹೊರಹಾಕಬೇಕೆಂದು ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಬಹಿರಂಗವಾಗಿ ಹೇಳಿದರು. ಅವರ ಬೇಡಿಕೆ ಈಡೇರಲಿಲ್ಲ, ಮಸೂದೆ ಧ್ವನಿಮತದಿಂದ ಅಂಗೀಕಾರವಾಯಿತು. ಮೂರು ತಿಂಗಳ ಬಳಿಕ ನಡೆದ ಪ್ರಾಥಮಿಕ ಚುನಾವಣೆಯಲ್ಲಿ ಅವರ ಕ್ಷೇತ್ರವು ಶೇಕಡಾ 80ಕ್ಕೂ ಹೆಚ್ಚು ಮತಗಳನ್ನಿತ್ತು ಅವರ ಪಕ್ಕದಲ್ಲಿ ನಿಂತಿತು.

ಅಮಾಶ್ ಅವರಿಗೆ ಆ ಭಾಗ್ಯ ಒದಗಲಿಲ್ಲ. 2017ರ ಮಾರ್ಚಿನವರೆಗೆ ನಾಲ್ಕು ಸಾವಿರಕ್ಕೂ ಹೆಚ್ಚು ಮತದಾನಗಳಲ್ಲಿ ಒಂದನ್ನೂ ತಪ್ಪಿಸದ ಸದಸ್ಯ ಅವರು. ತಮ್ಮ ಪಕ್ಷದ ಅಧ್ಯಕ್ಷನ ನಡತೆಯು ಮಹಾಭಿಯೋಗಕ್ಕೆ ಅರ್ಹವೆಂದು 2019ರ ಮೇ ತಿಂಗಳಲ್ಲಿ ಹೇಳಿದರು. 2010ರಲ್ಲಿ ಅವರನ್ನು ಬೆಂಬಲಿಸಿದ್ದ ಗ್ರ್ಯಾಂಡ್ ರ‍್ಯಾಪಿಡ್ಸಿನ ಶ್ರೀಮಂತ ಡಿವೋಸ್ ಮನೆತನವು ಇನ್ನು ಮುಂದೆ ಹಣ ಕೊಡುವುದಿಲ್ಲವೆಂಬ ಸಂಗತಿ ಆ ತಿಂಗಳೇ ಹೊರಬಿದ್ದಿತು. ಜುಲೈ 4ರಂದು, ದೇಶದ ಸ್ವಾತಂತ್ರ್ಯ ದಿನವೇ, ಅವರು ಪಕ್ಷವನ್ನು ತೊರೆದರು. 2021ರ ಜನವರಿಯಲ್ಲಿ ಅವರ ಅವಧಿ ಮುಗಿಯಿತು. ಅವರು ಬಿಟ್ಟ ಕ್ಷೇತ್ರವು ಮತ್ತೊಮ್ಮೆ ತೆರವಾದ ಸ್ಥಾನವಾಯಿತು.

ಅಮಾಶ್ ಬದಲಾದರೇ? ಅವರ ಮತಗಳ ಪಟ್ಟಿಯನ್ನು ಓದಿದವರು ಹಾಗೆ ಹೇಳಲಾರರು. 2009ರಲ್ಲಿ ರಾಜ್ಯದ ಶಾಸನಸಭೆಯಲ್ಲಿ ತಮ್ಮವರಿಗೇ ಇಲ್ಲವೆಂದು ಹೇಳಿದ ವ್ಯಕ್ತಿಯೇ 2019ರಲ್ಲಿಯೂ ಇಲ್ಲವೆಂದರು. ಅಂದು ಆ ಗುಣವನ್ನು ಮೆಚ್ಚಿ ಆರಿಸಿದವರಲ್ಲಿ ಅನೇಕರು ಇಂದು ಅದೇ ಗುಣ ತಮ್ಮ ಕಡೆಗೆ ತಿರುಗಿದಾಗ ಸಹಿಸದೆ ಹೋದರು. ಆದುದರಿಂದ ಈ ಪರೀಕ್ಷೆಗೆ ಎರಡು ಮುಖಗಳಿವೆ. ಹುಡುಕುವವರು ಉಮೇದುವಾರನನ್ನು ಪರೀಕ್ಷಿಸುವಾಗ ತಮ್ಮನ್ನೂ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಇವನು ಒಂದು ದಿನ ನಮಗೇ ಇಲ್ಲವೆಂದರೆ ನಾವು ಇವನ ಜೊತೆಗೆ ಇರುವೆವೇ? ಹೌದೆಂದು ಹೇಳಲಾರದವರಿಗೆ ಬೇಕಾದದ್ದು ಸ್ವತಂತ್ರ ಪ್ರತಿನಿಧಿಯಲ್ಲ, ವಿಧೇಯ ಪ್ರತಿನಿಧಿ. ಅದನ್ನು ಮೊದಲೇ ಒಪ್ಪಿಕೊಳ್ಳುವುದು ಪ್ರಾಮಾಣಿಕತೆ.

ವಿದ್ಯಾದಾನದ ಕಾರ್ಯದಲ್ಲಿಯೂ ಈ ಮಾತು ಸಲ್ಲುತ್ತದೆ. ಸ್ವತಂತ್ರವಾಗಿ ಯೋಚಿಸುವುದನ್ನು ಕಲಿಸಿದ ಗುರು ಮುಂದೊಂದು ದಿನ ಶಿಷ್ಯನಿಂದ ಪ್ರತಿಮಾತು ಕೇಳುವುದಕ್ಕೆ ಸಿದ್ಧನಿರಬೇಕು. ವಿದ್ಯಾರ್ಥಿಯ ಅನ್ನಕ್ಕೂ ಪುಸ್ತಕಕ್ಕೂ ಕೊಟ್ಟ ದಾನಿಯು ಅವನ ನಾಲಗೆಯನ್ನು ಕೊಂಡೆನೆಂದು ಬಗೆಯಬಾರದು. ಹಂಗಿಲ್ಲದ ನೆರವಿನಿಂದ ಬೆಳೆದವನು ಹಂಗಿಲ್ಲದ ಮಾತನ್ನಾಡಬಲ್ಲನು. ಅಂಥವರು ಶಾಲೆಗಳಿಂದ ಹೊರಬರುತ್ತಿದ್ದರೆ ಯಾವ ದೇಶದಲ್ಲಿಯೇ ಆಗಲಿ, ಸ್ಥಾನ ತೆರವಾದ ದಿನ ಯೋಗ್ಯನಾದವನಿಗಾಗಿ ಬಹಳ ದೂರ ಹುಡುಕಬೇಕಾಗುವುದಿಲ್ಲ.